ತಲೆಯ ಮೇಲೆ ಊರ ಮಣ್ಣು

“ಹೊತ್ತು ಮುಳುಗುವುದರೊಳಗೆ ಮರಳಡವಿಯನ್ನು ಪೂರಾ ಸುತ್ತಿ ಬಂದು ಈ ಮುದ್ದೆಯನ್ನು ಊರ ಮುಂದೆ ನೆಟ್ಟಿರುವ ಈ ಕರಗಲ್ಲಿನ ಮೇಲೆ ಇಡಬೇಕು. ಮುದ್ದೆ ಒಡೆಯಬಾರದು, ನೆಲ ಮುಟ್ಟಬಾರದು, ಬೇರೆಯವರ ಕೈ ತಾಗಬಾರದು. ನೀನು ಹೆಜ್ಜೆ ಇಟ್ಟಲ್ಲೇ ಊರ ಗಡಿ. ಒಪ್ಪಿಗೆಯೇನಮ್ಮ?” ಎಂದು ಅಮಲ್ದಾರರು ಕೇಳಿದರು.

ಕಾಟಮ್ಮ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, ಊರ ಮಣ್ಣು ಕಲಸಿ ಕಟ್ಟಿದ ದಪ್ಪ ಮುದ್ದೆಯನ್ನು ತಾನೇ ಎತ್ತಿ ಹೊತ್ತುಕೊಂಡಳು. ಕೆಸರು ನೀರು ಹಣೆಯಿಂದ ಮೂಗಿನ ಮೇಲೆ ಇಳಿಯಿತು. ಅವಳಿಗೆ ಬೆಳಗಿನಿಂದಲೇ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನಾಗುತ್ತದೆ? ಬಿದರಗುಂಟೆಯ ಬಾವಿಯ ಹತ್ತಿರ ಸುಳಿಯಬಾರದ ಹೆಂಗಸು ಅವಳು. ಆದರೆ ಗಡಿಯ ತಕರಾರು ಬಂದಾಗ ಊರ ಮಣ್ಣು ಹೊತ್ತು ಗಡಿ ಸುತ್ತಬೇಕಾದದ್ದು ಕುಳವಾಡಿ ಮನೆಯವರೇ. ಹಿಂದಿನಿಂದ ಬಂದ ಪದ್ಧತಿ. ಕುಳವಾಡಿ ಪಾಲಪ್ಪ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಆ ಮನೆಯಲ್ಲಿ ಉಳಿದವಳು ಅವನ ಹೆಂಡತಿ ಕಾಟಮ್ಮ ಒಬ್ಬಳೇ. ಮುಟ್ಟಬಾರದ ತಲೆಯ ಮೇಲೆ ಊರನ್ನೇ ಹೊರಿಸುವುದಕ್ಕೆ ಯಾರಿಗೂ ನಾಚಿಕೆಯಾಗಲಿಲ್ಲ.

ತಕರಾರಿನ ಮೂಲ ಇದ್ದಲು. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ತುಮಕೂರಿನಿಂದ ಮಧುಗಿರಿ, ಪಾವಗಡದ ಕಡೆ ಬರುವ ಬಸ್ಸುಗಳು ಬೆನ್ನಿಗೆ ಇದ್ದಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಇದ್ದಲಿಗೆ ಬಂಗಾರದ ಬೆಲೆ ಬಂದಿತ್ತು. ಶಿರಾದ ಕಂತ್ರಾಟುದಾರ ರೇಣುಕಯ್ಯನ ಕಣ್ಣು ಮರಳಡವಿಯ ಮೇಲೆ ಬಿತ್ತು. ಅದು ಯಾವ ಊರಿಗೂ ಸೇರದ ಜಾಗ, ಹರಾಜಿನಲ್ಲಿ ತನಗೆ ಬಂದಿದೆ ಎಂದು ಅವನು ಕೊಡಲಿಯವರನ್ನು ಕರೆದುಕೊಂಡೇ ಬಂದ. ನಮ್ಮೂರ ಗುಂಡುತೋಪು ಎಂದು ಪಟೇಲ ಮರುಳಸಿದ್ದಯ್ಯ ಅಡ್ಡ ನಿಂತ. ಸರ್ವೆ ಕಲ್ಲುಗಳೆಲ್ಲ ಮರಳಿನಡಿ ಹೂತುಹೋಗಿದ್ದವು. ಕೊನೆಗೆ ಹಳೆಯ ಪದ್ಧತಿಗೆ ಇಬ್ಬರೂ ಒಪ್ಪಿದರು. ಮರಳಡವಿಯನ್ನು ಸುತ್ತಿ ಬಂದವರು ಈಚೆಗೆ ಯಾರೂ ಇಲ್ಲ ಎಂಬ ಧೈರ್ಯ ರೇಣುಕಯ್ಯನಿಗೆ.

ಕಾಟಮ್ಮ ಒಪ್ಪಿದ್ದು ಪಟೇಲನ ಮುಖ ನೋಡಿ ಅಲ್ಲ. ಮರಳಡವಿಯ ಬುಡದಲ್ಲಿ ಒಂದು ತಲಪರಿಗೆ ಇತ್ತು. ಮರಳಿನ ಕೆಳಗಿನಿಂದ ವರ್ಷವಿಡೀ ತಾನಾಗಿ ಜಿನುಗುವ ನೀರು. ಕೇರಿಯವರೆಲ್ಲ ಕುಡಿಯುವುದು ಅದನ್ನೇ. ಮರ ಕಡಿದರೆ ಆಷಾಢದ ಗಾಳಿಗೆ ಮರಳು ಎದ್ದು ಬಂದು ತಲಪರಿಗೆ ಮುಚ್ಚಿಹೋಗುತ್ತದೆ. ಆಮೇಲೆ ಕೇರಿಗೆ ನೀರಿಲ್ಲ. ಅಷ್ಟೇ ಲೆಕ್ಕ.

ಪಟೇಲನ ಕಡೆಯ ಸಾಕ್ಷಿಯಾಗಿ ಒಕ್ಕಲು ಬೊಮ್ಮಣ್ಣ ಹೊರಟ. ಅವನ ಹೆಗಲಲ್ಲಿ ನೀರು ತುಂಬಿದ ಸೋರೆಬುರುಡೆ. ಮುದ್ದೆ ಒಣಗಿ ಬಿರುಕು ಬಿಡದಂತೆ ಆಗಾಗ ನೀರು ಚಿಮುಕಿಸುವ ಕೆಲಸ ಅವನದು. ಇನ್ನೊಂದು ಕಡೆಯ ಸಾಕ್ಷಿಯಾಗಿ ರೇಣುಕಯ್ಯ ತಾನೇ ಬಂದ, ಕರಿ ಕೋಟು, ಕಿರುಗುಟ್ಟುವ ಬೂಟು ಸಮೇತ. ಬೇರೆಯವರನ್ನು ನಂಬುವ ಜಾಯಮಾನ ಅವನದಲ್ಲ.

“ದಾರಿ ನಾನು ತೋರಿಸ್ತೀನಿ. ನೀನು ಸುಮ್ಕೆ ಹಿಂದೆ ಬಾ ಕಾಟಿ” ಎಂದ ಬೊಮ್ಮಣ್ಣ.

“ನೀವು ಯಾವಾಗ ಸುತ್ತಿದ್ರಿ ಬೊಮ್ಮಣ್ಣೋರೇ?”

“ಗಂಡಸ್ರಿಗೆ ದಾರಿ ಗೊತ್ತಿರ್ತದೆ ಕಣಮ್ಮ. ನಡಿ ನಡಿ.”

ಕಾಟಮ್ಮ ಹಲ್ಲು ಕಚ್ಚಿ ಹೊರಟಳು. ಬಲಕ್ಕೆ ಅಡವಿ ಇಟ್ಟುಕೊಂಡು ಪ್ರದಕ್ಷಿಣೆಯಾಗಿ ನಡೆಯುವುದು ಕ್ರಮ. ಊರು ದಾಟುತ್ತಲೇ ಮರಳು ಶುರುವಾಯಿತು.

ಮರಳಡವಿಯನ್ನು ನೋಡದವರು ಅದನ್ನು ನಂಬುವುದು ಕಷ್ಟ. ಸುತ್ತ ಎಲ್ಲಿ ನೋಡಿದರೂ ಬಂಡೆಗುಡ್ಡ, ಕೆಮ್ಮಣ್ಣಿನ ಹೊಲ. ನಡುವೆ ಇದೊಂದು ಮಾತ್ರ ಬೇರೆ ಲೋಕ. ಪಿನಾಕಿನಿ ಹೊಳೆ ಬತ್ತಿದಾಗಲೆಲ್ಲ ಗಾಳಿ ಅದರ ಮರಳನ್ನು ಎತ್ತಿ ತಂದು ದಿಣ್ಣೆ ಹಾಕಿದೆ. ಎಷ್ಟು ತಲೆಮಾರಿನಿಂದಲೋ ಯಾರಿಗೆ ಗೊತ್ತು. ದಿಣ್ಣೆಯ ಮೇಲೆ ದಿಣ್ಣೆ, ನಡುವೆ ಬಾಣಲೆಯಂಥ ತಗ್ಗುಗಳು. ಆ ಮರಳನ್ನು ಹೊಂಗೆ, ಬೇವು, ಜಾಲಿ, ಈಚಲು ಬೇರುಗಳಿಂದ ಬಿಗಿಯಾಗಿ ಹಿಡಿದು ನಿಂತಿವೆ. ಕೆಳಗೆ ತಂಗಡಿಯ ಹಳದಿ ಹೂವು, ಕಾರೆಮುಳ್ಳು. ದಿಣ್ಣೆಯ ನೆತ್ತಿಯಿಂದ ಹಿಂದಕ್ಕೆ ತಿರುಗಿದರೆ ಮಧುಗಿರಿಯ ಏಕಶಿಲೆ ಬೆಟ್ಟ ಆಕಾಶಕ್ಕೆ ಒರಗಿದಂತೆ ಕಾಣುತ್ತದೆ, ಮುಂದಕ್ಕೆ ಪಾವಗಡದ ದುರ್ಗ. ಕಾಟಮ್ಮನಿಗೆ ಮಾತ್ರ ಅದನ್ನೆಲ್ಲ ನೋಡುವ ಪುಣ್ಯವಿರಲಿಲ್ಲ. ಕತ್ತು ಹೊರಳಿಸಿದರೆ ಮುದ್ದೆ ಬೀಳುತ್ತಿತ್ತು. ಅವಳಿಗೆ ಕಂಡದ್ದು ಬೊಮ್ಮಣ್ಣನ ಬೆನ್ನು ಮಾತ್ರ.

ವೈಶಾಖದ ಬಿಸಿಲು ಏರಿತು. ಮರಳು ಕಾದು ಅಂಗಾಲು ಸುಟ್ಟಿತು. ಗಡಿ ಸುತ್ತುವವರು ಮೆಟ್ಟು ಹಾಕುವಂತಿಲ್ಲ. ಬೂಟು ಹಾಕಿಕೊಂಡವನು ಹಿಂದೆ “ಅಯ್ಯೋ, ಅಬ್ಬಾ” ಎನ್ನುತ್ತಿದ್ದ. ಬರಿಗಾಲಿನವಳು ಸುಮ್ಮನೆ ನಡೆಯುತ್ತಿದ್ದಳು.

ಅಡವಿಯ ಪಶ್ಚಿಮ ಅಂಚು ಮುಗಿಯುವ ಕಡೆ ಒಬ್ಬ ಮುದುಕಿ ಮೇಕೆ ಮೇಯಿಸುತ್ತಿದ್ದಳು. ಪಾವಗಡದ ಕಡೆಯವಳು, ಕದರಮ್ಮ ಅಂತ. ಬೊಮ್ಮಣ್ಣ ದಾರಿ ಕೇಳಿದ. ದಾರಿ ಗೊತ್ತಿದ್ದ ಗಂಡಸು!

“ಇಷ್ಟು ಸುಡೋ ಎಂಡಲಾಗ ಎಲ್ಲಿಗೆ ಹೊರಟ್ರಪ್ಪಾ?” ಎಂದಳು ಕದರಮ್ಮ. “ಇಂಗೇ ಹೋಗ್ರಿ. ಮುಂದೆ ಏರು ಬರ್ತದೆ. ಏರು ಎಡಗೈಗೆ ಇಟ್ಕೊಂಡು ನಡೀರಿ, ಅಷ್ಟೇ ಚಾಲು. ಏರು ಬುಟ್ರೋ, ದಾರಿ ತಪ್ಪಿ ಪೋತೀರಿ.”

ಸ್ವಲ್ಪ ಮುಂದೆ ಹೋದರೆ ನಿಜವಾಗಿಯೂ ಏರು ಎದುರಾಯಿತು. ತೆಂಗಿನ ಮರದೆತ್ತರದ ಮರಳ ದಿಣ್ಣೆ, ಕಡಿದಾದ ಏರು. “ನೋಡ್ದಾ? ಮುದುಕಿ ಹೇಳಿದ್ದು ಇದೇ. ಇದನ್ನ ಎಡಕ್ಕೆ ಇಟ್ಕೊಂಡು ನಡಿ” ಎಂದು ಬೊಮ್ಮಣ್ಣ ಹಿಗ್ಗಿದ.

“ಎಡಕ್ಕೆ ಇಟ್ಕೊಂಡ್ರೆ ಅಪ್ರದಕ್ಷಿಣೆ ಆಗಲ್ವಾ?” ಕಾಟಮ್ಮ ನಿಂತಳು.

“ನಿಂಗೇನ್ ಗೊತ್ತು, ಬಾಯ್ಮುಚ್ಕೊಂಡು ಬಾ.”

ರೇಣುಕಯ್ಯ ಟವೆಲಿನಿಂದ ಮುಖ ಒರೆಸಿಕೊಳ್ಳುವ ನೆವದಲ್ಲಿ ಒಂದು ನಗೆಯನ್ನು ಮುಚ್ಚಿಕೊಂಡ.

ಅವರು ನಡೆದರು. ದಿಣ್ಣೆ ಎಡಕ್ಕೆ. ಮುಳ್ಳು ದಾಟಿದರು, ಈಚಲ ಮೆಳೆ ನುಗ್ಗಿದರು. ದಿಣ್ಣೆ ಎಡಕ್ಕೇ ಇತ್ತು. ಹೊತ್ತು ನೆತ್ತಿಗೆ ಬಂತು. ದಿಣ್ಣೆ ಇನ್ನೂ ಎಡಕ್ಕೇ ಇತ್ತು. ಅಡವಿಯ ಉತ್ತರದಂಚಿಗೆ ಸಿಗಬೇಕಾದ ಹೊಳೆಯ ಸುಳಿವಿಲ್ಲ. ಆಮೇಲೆ ಮರಳಲ್ಲಿ ಹೆಜ್ಜೆಗಳು ಕಂಡವು. ಬರಿಗಾಲಿನವು, ಪಕ್ಕದಲ್ಲಿ ಬೂಟಿನವು.

“ಯಾರೋ ಬಂದಿದ್ದಾರೆ” ಎಂದ ಬೊಮ್ಮಣ್ಣ.

“ನಾವೇ ಬಂದಿದ್ದೀವಿ!” ಕಾಟಮ್ಮನ ಸಿಟ್ಟು ಒಮ್ಮೆಗೇ ಸ್ಫೋಟಿಸಿತು. “ಅದು ನಂದೇ ಪಾದ ಬೊಮ್ಮಣ್ಣೋರೇ! ಒಂದೇ ದಿಣ್ಣೆನ ಗಾಣದೆತ್ತಿನಂಗೆ ಸುತ್ಸಿದ್ರಲ್ಲಾ! ಗಂಡಸ್ರಿಗೆ ದಾರಿ ಗೊತ್ತಂತೆ, ದಾರಿ!”

ಬೊಮ್ಮಣ್ಣನ ಮುಖ ಸಣ್ಣದಾಯಿತು. “ಮುದುಕಿ ಹಂಗೇ ಅಂದ್ಳಲ್ಲ…”

ರೇಣುಕಯ್ಯ ಈಗ ಬಾಯಿ ಬಿಟ್ಟ. “ಆಯ್ತಲ್ಲ, ಸುತ್ತು ಮುಗೀತು. ಹೆಜ್ಜೆ ಇಟ್ಟಲ್ಲೇ ಗಡಿ. ಈ ದಿಣ್ಣೆ ನಿಮ್ಮದು, ಮಿಕ್ಕ ಅಡವಿ ನಂದು. ನಡೀರಿ ವಾಪಸ್ಸು. ಲೇ ಬೊಮ್ಮಣ್ಣ, ಆ ಬುರುಡೆ ಇಲ್ಲಿ ಕೊಡೋ, ಗಂಟಲು ಒಣಗ್ತಾ ಇದೆ.”

“ನೀರು ಮುದ್ದೆಗೆ ಸ್ವಾಮಿ. ಕುಡಿಯಾಕಲ್ಲ.”

“ಥೂ ನಿನ್ನ! ಈ ಹಾಳು ಮರಳಲ್ಲಿ ಸಾಯೋದಕ್ಕಿಂತ ಏರಿನ ನೀರಾದ್ರೂ ಒಂದು ಬೊಗಸೆ ಸಿಕ್ಕಿದ್ರೆ…” ಎಂದವನು ನಾಲಗೆ ಕಚ್ಚಿಕೊಂಡ.

ಕಾಟಮ್ಮ ಇಡೀ ಮೈಯನ್ನು ಅವನತ್ತ ತಿರುಗಿಸಿದಳು. ಕತ್ತು ತಿರುಗಿಸುವಂತಿರಲಿಲ್ಲವಲ್ಲ.

“ಏರಿನ ನೀರಾ? ದಿಣ್ಣೆ ಏರಿನಾಗೆ ನೀರೆಲ್ಲಿ ಬತ್ತದೆ ಸಾಹುಕಾರ್ರೇ?”

ರೇಣುಕಯ್ಯ ಬೇರೆ ಕಡೆ ನೋಡಿದ. ಕದಿರಿ, ಹಿಂದೂಪುರದ ಸಂತೆಗಳಲ್ಲಿ ತೆಲುಗಿನಲ್ಲೇ ಕಡಲೆಕಾಯಿ ವ್ಯಾಪಾರ ಮಾಡಿ ದುಡ್ಡು ಕಂಡವನು ಅವನು. ಕದರಮ್ಮನ ಬಾಯಲ್ಲಿ ಏರು ಎಂದರೆ ಹೊಳೆ. ಪಾವಗಡದ ಮುದುಕಿ ತೆಲುಗು ಬೆರೆಸಿ ಹೇಳಿದ್ದನ್ನು ಬಿದರಗುಂಟೆಯ ಬೊಮ್ಮಣ್ಣ ಕನ್ನಡದಲ್ಲಿ ಕೇಳಿಸಿಕೊಂಡಿದ್ದ. ಅವನದು ಬರೀ ತಪ್ಪು. ಗೊತ್ತಿದ್ದೂ ಸುಮ್ಮನಿದ್ದವನದು ಪಾಪ.

“ಕೇರಿ ಮಕ್ಳು ನೀರಿಲ್ದೆ ಸಾಯ್ಲಿ ಅಂತ ಬಾಯಿ ಮುಚ್ಕೊಂಡಿದ್ಯೇನೋ?” ಎಂದಳು ಕಾಟಮ್ಮ. ಮರ್ಯಾದೆಯ ಮಾತು ಅಲ್ಲಿಗೆ ಮುಗಿಯಿತು. “ಸುತ್ತು ಮುಗಿಯೋದು ನಾನು ಕರಗಲ್ಲು ಮುಟ್ಟಿದಾಗ. ಬೊಮ್ಮಣ್ಣೋರೇ, ದಿಣ್ಣೆ ಹತ್ತಿ. ಹೊಳೆ ಯಾವ ಕಡೆ ಅಂತ ನೋಡಿ.”

ಬೊಮ್ಮಣ್ಣ ಎರಡು ಮಾತಾಡದೆ ಹತ್ತಿದ. ನೆತ್ತಿಯಿಂದ ಉತ್ತರಕ್ಕೆ ಕೈ ತೋರಿಸಿದ. ಕಾಟಮ್ಮ ಹಿಂದೆಯೇ ಹತ್ತತೊಡಗಿದಳು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಜಾರುತ್ತಿತ್ತು. ಕತ್ತಿನ ನರಗಳು ಹಗ್ಗದಂತೆ ಬಿಗಿದಿದ್ದವು. ನೆತ್ತಿ ತಲುಪುವಷ್ಟರಲ್ಲಿ ಗಾಳಿ ಎದ್ದಿತು.

ಸುಂಟರಗಾಳಿ. ಮರಳು ಕಣ್ಣಿಗೆ, ಮೂಗಿಗೆ, ಬಾಯಿಗೆ.

“ಕೂತ್ಕೊ ಕಾಟಮ್ಮ!” ಬೊಮ್ಮಣ್ಣ ಕೂಗಿದ.

ಅವಳು ಹೊಂಗೆ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಳು. ಒಂದು ಕೈಯಲ್ಲಿ ಮುದ್ದೆ ಹಿಡಿದಳು.

ಕೆಳಗಿನಿಂದ ಚೀತ್ಕಾರ ಕೇಳಿತು. ರೇಣುಕಯ್ಯ ದಿಣ್ಣೆಯ ಆ ಮಗ್ಗುಲಿನಲ್ಲಿ ಅಡ್ಡದಾರಿ ಹಿಡಿಯಲು ಹೋಗಿದ್ದ. ಅಲ್ಲಿ ಮರವಿರಲಿಲ್ಲ, ಮರಳನ್ನು ಹಿಡಿಯುವ ಬೇರಿರಲಿಲ್ಲ. ಇಡೀ ಇಳಿಜಾರು ಅವನ ಮೇಲೆ ಕುಸಿದಿತ್ತು. ಎದೆಯವರೆಗೆ ಹೂತುಹೋಗಿದ್ದ. ಮೇಲಿನಿಂದ ಮರಳು ಇನ್ನೂ ಸುರಿಯುತ್ತಿತ್ತು.

“ಬುಡು, ಅವನ ಹಣೆಬರಹ” ಎಂದ ಬೊಮ್ಮಣ್ಣ.

“ಬುಟ್ರೆ ನಾನೇ ಕೊಂದೆ ಅಂತಾರೆ. ನಿಮ್ಮನ್ಯಾರೂ ಕೇಳಲ್ಲ, ನನ್ನ ಮಾತ್ರ ನೇಣಿಗೆ ಹಾಕ್ತಾರೆ. ರುಮಾಲು ಬಿಚ್ರೀ!”

ಬೊಮ್ಮಣ್ಣನ ತಲೆಯ ರುಮಾಲು ಉದ್ದದ ದಟ್ಟಿ. ಒಂದು ತುದಿಯನ್ನು ಹೊಂಗೆಯ ಬೇರಿಗೆ ಬಿಗಿದ. ಇನ್ನೊಂದು ತುದಿಯನ್ನು ಕೆಳಕ್ಕೆ ಎಸೆದ. ರೇಣುಕಯ್ಯ ಎರಡೂ ಕೈಯಲ್ಲಿ ಹಿಡಿದ.

ಬೊಮ್ಮಣ್ಣ ಎಳೆದ. ಅಲುಗಲಿಲ್ಲ.

ಕಾಟಮ್ಮ ಕೂತಲ್ಲೇ ಎರಡೂ ಕಾಲನ್ನು ಎದುರಿನ ಬೇರಿಗೆ ಒದ್ದು ನಿಲ್ಲಿಸಿದಳು. ಮುದ್ದೆಯಿಂದ ಕೈ ತೆಗೆದು ರುಮಾಲು ಹಿಡಿದಳು. ಕತ್ತು ನೇರ, ಬೆನ್ನು ನೇರ. “ಎಳೀರಿ!” ಎಂದು ಗುಡುಗಿದಳು. ಮುದ್ದೆ ಅಲುಗಿತು. ಬೀಳಲಿಲ್ಲ. “ಇನ್ನೊಂದ್ಸಲ!”

ರೇಣುಕಯ್ಯ ಒಂದು ಬೂಟನ್ನು ಮರಳಿಗೆ ಕೊಟ್ಟು ಮೇಲೆ ಬಂದ. ತಾನು ಹಿಡಿದ ರುಮಾಲನ್ನು ಯಾರು ಯಾರು ಮುಟ್ಟಿದ್ದರು ಎಂದು ಅವನು ಕೇಳಲಿಲ್ಲ. ಸಾಯುವಾಗ ಯಾರಿಗೂ ಮಡಿ ನೆನಪಾಗುವುದಿಲ್ಲ. ಬಂದವನೇ ಬೊಮ್ಮಣ್ಣ ನೆಲಕ್ಕಿಟ್ಟಿದ್ದ ಬುರುಡೆ ಎತ್ತಿ ಗಟಗಟ ಕುಡಿದು ಖಾಲಿ ಮಾಡಿದ. ಬೊಮ್ಮಣ್ಣ ಕಿತ್ತುಕೊಳ್ಳುವಷ್ಟರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

ಮುದ್ದೆಯಿಂದ ಸಣ್ಣ ಹೆಂಟೆಯೊಂದು ಉದುರಿ ಕಾಟಮ್ಮನ ಭುಜಕ್ಕೆ ಬಿತ್ತು.

“ಬಿರುಕು ಬಿಟ್ಟೈತೆ” ಎಂದ ಬೊಮ್ಮಣ್ಣ, ಮೆಲ್ಲಗೆ.

“ಹೊಳೆಗೆ ನಡೀರಿ. ಬಿರ್‍ರನೆ.”

ಅವಳಿಗೆ ಈಗ ಬೈಯುವುದಕ್ಕೂ ಪುರಸೊತ್ತಿರಲಿಲ್ಲ. ದಿಣ್ಣೆ ಇಳಿದು, ಜಾಲಿಯ ಸಾಲು ದಾಟಿ, ಪಿನಾಕಿನಿಯ ದಡಕ್ಕೆ ಬಂದರು. ಹೊಳೆಯೆಂದರೆ ಹೆಸರಿಗೆ. ಕಣ್ಣಿಗೆ ಕಂಡಷ್ಟು ದೂರ ಬಿಳಿ ಮರಳು. ಬೊಮ್ಮಣ್ಣ ಮಂಡಿಯೂರಿ ಎರಡೂ ಕೈಯಲ್ಲಿ ತೋಡತೊಡಗಿದ. ಮೊಣಕೈ ಮುಳುಗುವಷ್ಟು ತೋಡಿದ ಮೇಲೆ ಮರಳು ತಣ್ಣಗಾಯಿತು, ಆಮೇಲೆ ಒದ್ದೆಯಾಯಿತು, ಆಮೇಲೆ ಒರತೆ ಕೂಡಿಕೊಂಡಿತು. ಬೊಗಸೆಯಲ್ಲಿ ತಂದು ಮುದ್ದೆಯ ಮೇಲೆ ಬಿಟ್ಟ. ಮತ್ತೆ ತಂದ. ಕಾಟಮ್ಮ ಸಡಿಲವಾದ ಮಣ್ಣನ್ನು ತಾನೇ ಸವರಿ ಸವರಿ ಬಿರುಕು ಮುಚ್ಚಿದಳು. ಬೊಮ್ಮಣ್ಣನ ಉಗುರಿನ ಬುಡದಲ್ಲಿ ರಕ್ತ ಒಸರುತ್ತಿತ್ತು. ಅವನು ಅದನ್ನು ಪಂಚೆಗೆ ಒರೆಸಿಕೊಂಡು ಬುರುಡೆ ತುಂಬಿಸಿದ.

ಹೊಳೆ ಎಡಕ್ಕೆ, ಅಡವಿ ಬಲಕ್ಕೆ. ಈಗ ಎಲ್ಲವೂ ಸರಿಯಾಯಿತು. ಹೊಳೆಯ ದಂಡೆ ಬಾಗಿದಲ್ಲಿ ದಕ್ಷಿಣಕ್ಕೆ ಹೊರಳಿ, ಅಡವಿಯ ಪೂರ್ವದ ಅಂಚು ಹಿಡಿದರು. ಹೊತ್ತು ಇಳಿಯುತ್ತಿತ್ತು. ಮುಂದೆ ಈಚಲ ಮೆಳೆಯ ನಡುವೆ ಒಂದು ದೊಡ್ಡ ಹುತ್ತ.

ಹುತ್ತದ ಹಿಂದಿನಿಂದ ಕರಡಿ ಎದ್ದು ನಿಂತಿತು. ಬೆನ್ನ ಮೇಲೆ ಮರಿ.

ರೇಣುಕಯ್ಯ ಒಂದೇ ಬೂಟಿನಲ್ಲಿ ಓಡಿದ. ಬೊಮ್ಮಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಕಾಟಮ್ಮನನ್ನು ನೋಡಿ ನಿಂತುಬಿಟ್ಟ. ಅವಳು ಓಡುವಂತಿರಲಿಲ್ಲ. ಬಗ್ಗುವಂತಿರಲಿಲ್ಲ. ಕಲ್ಲು ಎತ್ತಿಕೊಳ್ಳುವಂತೆಯೂ ಇರಲಿಲ್ಲ. ಅವಳಿಗೆ ಉಳಿದದ್ದು ಬಾಯಿ ಒಂದೇ. ಬೆಳಗಿನಿಂದ ತಡೆದಿಟ್ಟುಕೊಂಡದ್ದೆಲ್ಲ ಆ ಬಾಯಿಗೆ ಬಂತು.

“ನೀನೂ ಬಂದ್ಯಾ ಮುಂಡೇದೇ! ನೀನೊಂದು ಕಮ್ಮಿಯಾಗಿದ್ದೆ! ಬಾವಿ ಮುಟ್ಟಬ್ಯಾಡ ಅಂತಾನೆ ಪಟೇಲ, ಮಣ್ಣು ಮಾತ್ರ ಹೊರಬೇಕು! ಮರ ಕಡೀತೀನಿ ಅಂತಾನೆ ಇವ್ನು! ದಾರಿ ಗೊತ್ತು ಅಂತಾನೆ ಅವ್ನು! ಸತ್ತೋದ ನನ್ನ ಗಂಡ, ಹೇಳ್ದೆ ಕೇಳ್ದೆ! ನಿಂಗೂ ನಾನೇ ಬೇಕಾ? ನಿನ್ನ ಮರಿಗೂ ನೀರು ಬ್ಯಾಡ್ವಾ? ಈ ಅಡವಿ ಹೋದ್ರೆ ನೀನೆಲ್ಲಿಗೋಯ್ತೀಯೇ? ಸರೀ ಆಚೆಗೆ! ಸರೀ ಅಂದೆ!”

ಕರಡಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮೂತಿ ಎತ್ತಿ ಒಂದು ಗಳಿಗೆ ಕೇಳಿತು. ಆಮೇಲೆ ಮರಿಯನ್ನು ಹೊತ್ತುಕೊಂಡು ಗೊಣಗುತ್ತ ಮೆಳೆಯೊಳಗೆ ಹೋಯಿತು. ಬೊಮ್ಮಣ್ಣ ಬೆವರು ಒರೆಸಿಕೊಂಡ. ಅವನಿಗೆ ಯಾವುದಕ್ಕೆ ಹೆಚ್ಚು ಹೆದರಿಕೆಯಾಗಿತ್ತು ಎಂದು ಅವನೇ ಹೇಳಲಾರ.

ತಲಪರಿಗೆಯ ಹತ್ತಿರ ಕೇರಿಯ ಹೆಂಗಸರು ಕಾದು ನಿಂತಿದ್ದರು. ಕಾಟಮ್ಮ ಅದರ ಹೊರಮಗ್ಗುಲಲ್ಲಿ ಒಂದೊಂದೇ ಹೆಜ್ಜೆ ಊರಿ ನಡೆದು, ನೀರನ್ನು ಗಡಿಯೊಳಗೆ ಮಾಡಿಕೊಂಡಳು. ಯಾರೋ ಮಡಕೆ ಚಾಚಿದರು. ಅವಳು ನಿಲ್ಲಲಿಲ್ಲ. ಮರಗಳ ನೆರಳು ಹೊಲ ದಾಟಿ ಉದ್ದವಾಗಿ ಬಿದ್ದಿತ್ತು.

ಕರಗಲ್ಲಿನ ಸುತ್ತ ಊರೇ ನೆರೆದಿತ್ತು. ಅಮಲ್ದಾರರು ಕುರ್ಚಿಯಿಂದ ಎದ್ದರು. ಓಡಿ ಬಂದಿದ್ದ ರೇಣುಕಯ್ಯ ಒಂದು ಕಡೆ ಏದುಸಿರು ಬಿಡುತ್ತ ಕೂತಿದ್ದ. ಸೂರ್ಯ ಬೆಟ್ಟದ ಅಂಚಿಗೆ ತಾಗಿದ್ದ.

ಪಟೇಲ ಮರುಳಸಿದ್ದಯ್ಯನ ಮುಖ ಅರಳಿತ್ತು. “ಗೆದ್ವಿ ಸ್ವಾಮಿ! ಅಡವಿ ನಮ್ದು, ತಲಪರಿಗೆ ನಮ್ದು. ನಾಳೆಯಿಂದ್ಲೇ ಅಲ್ಲಿಂದ ನನ್ನ ತೋಟಕ್ಕೆ ಕಾಲುವೆ ತೆಗೆಸ್ತೀನಿ. ಕೇರಿಯೋರು ಹೊಳೆಯಾಗೆ ಒರತೆ ತೋಡ್ಕೊಳ್ಲಿ.”

ಕಾಟಮ್ಮ ಕರಗಲ್ಲಿನ ಮುಂದೆ ನಿಂತುಬಿಟ್ಟಳು. ಇನ್ನೊಂದು ಹೆಜ್ಜೆ ಇಡಲಿಲ್ಲ.

“ಇಳಿಸೇ ಕಾಟಿ, ಹೊತ್ತು ಮುಳುಗ್ತದೆ” ಎಂದ ಪಟೇಲ.

“ಮುಳುಗ್ಲಿ.”

“ಏನಂದೆ?”

“ಮುಳುಗ್ಲಿ ಅಂದೆ ಬುದ್ಧಿ. ತಲಪರಿಗೆ ಕೇರೀದು ಅಂತ ದೊರೆಗಳ ಮುಂದೆ ಹೇಳಿ, ಇಳಿಸ್ತೀನಿ. ಇಲ್ದಿದ್ರೆ ಇಲ್ಲೇ ನೆಲಕ್ಕೆ ಒಗೀತೀನಿ. ನಿಮ್ಗೂ ಬ್ಯಾಡ, ನಮ್ಗೂ ಬ್ಯಾಡ.” ಅವಳ ಎರಡೂ ಕೈ ಮುದ್ದೆಯ ಮೇಲಿದ್ದವು.

ರೇಣುಕಯ್ಯ ನೆಗೆದು ಎದ್ದ. “ಒಗಿ ಕಾಟಮ್ಮ, ಒಗಿ! ತಲಪರಿಗೆ ನಾನು ಬಿಟ್ಕೊಡ್ತೀನಿ!”

“ನಿನ್ನ ಕೊಡಲಿ ಬಂದ್ಮೇಲೆ ಅಲ್ಲಿ ನೀರೆಲ್ಲಿರ್ತದೆ? ಕೂತ್ಕೊ ಸುಮ್ಕೆ!” ಅವನು ಕೂತ.

ಪಟೇಲ ಅಮಲ್ದಾರರ ಕಡೆ ನೋಡಿದ. “ನೋಡಿ ಸ್ವಾಮಿ, ಇವಳ ಸೊಕ್ಕು!”

“ಅವಳೇ ಇಡಬೇಕು. ಬೇರೆಯವರ ಕೈ ತಾಗಬಾರದು. ನೀವೇ ಒಪ್ಪಿದ ಪದ್ಧತಿ ಪಟೇಲರೇ” ಎಂದರು ಅಮಲ್ದಾರರು. ಅವರ ಮುಖದಲ್ಲಿ ನಗೆ ಇತ್ತೋ ಇಲ್ಲವೋ, ಸಂಜೆಯ ಬೆಳಕಿನಲ್ಲಿ ಗೊತ್ತಾಗಲಿಲ್ಲ.

ಸೂರ್ಯ ಅರ್ಧ ಇಳಿದ. ಕಾಟಮ್ಮ ಮುದ್ದೆಯನ್ನು ಸಿಂಬೆಯಿಂದ ಒಂದು ಗೇಣು ಮೇಲೆತ್ತಿದಳು.

ಬೊಮ್ಮಣ್ಣ ಮುಂದೆ ಬಂದ. “ಹೇಳ್ಬುಡಿ ಪಟೇಲ್ರೇ. ಅವ್ಳು ಒಗೀತಾಳೆ. ಬೆಳಗಿನಿಂದ ನೋಡೀವ್ನಿ, ಕರಡಿಗೇ ಹೆದರ್ಲಿಲ್ಲ ಅವ್ಳು.”

“ಆಯ್ತು, ತಗೊಳ್ಳಿ ಅತ್ಲಾಗೆ” ಎಂದು ಪಟೇಲ ಗೊಣಗಿದ.

“ಕೇಳಿಸ್ಲಿಲ್ಲ” ಎಂದಳು ಕಾಟಮ್ಮ.

“ತಲಪರಿಗೆ ಕೇರೀದು! ಸಾಕಾ?” ಪಟೇಲನ ಕೂಗು ಊರಿಗೆಲ್ಲ ಕೇಳಿಸಿತು.

“ನಾನು ಸಾಕ್ಷಿ” ಎಂದ ಬೊಮ್ಮಣ್ಣ. ಅಮಲ್ದಾರರು ತಲೆಯಾಡಿಸಿದರು.

ಕಾಟಮ್ಮ ಕೊನೆಯ ಹೆಜ್ಜೆ ಇಟ್ಟು, ಮುದ್ದೆಯನ್ನು ಇಳಿಸಿ, ಕರಗಲ್ಲಿನ ಮೇಲೆ ಇಟ್ಟಳು. ಕೈ ಬಿಟ್ಟೊಡನೆ ಅದು ಎರಡು ಹೋಳಾಗಿ ಬಿರಿಯಿತು. ಕಲ್ಲು ಮುಟ್ಟಿದ ಮೇಲೆ ಒಡೆದರೆ ಲೆಕ್ಕವಿಲ್ಲ. ಜನ ಕೂಗಾಡಿದರು, ಯಾರೋ ತಮಟೆ ತರಲು ಓಡಿದರು. ಅವಳು ಯಾರ ಕಡೆಯೂ ನೋಡದೆ ಕೇರಿಯ ದಾರಿ ಹಿಡಿದಳು.

ಕೇರಿಯ ಬಾಗಿಲಲ್ಲಿ ಹೆಂಗಸರು ಮುತ್ತಿಕೊಂಡರು. ಏನಾಯ್ತು, ಏನಂದ್ರು, ಎಂದು ನಾಲ್ಕು ಕಡೆಯಿಂದ ಕೇಳಿದರು.

“ನೀರು ನಮ್ದು” ಎಂದಳು ಕಾಟಮ್ಮ. “ಈಗ ಯಾರೂ ಮಾತಾಡಿಸಬ್ಯಾಡಿ. ಕತ್ತು ನೋಯ್ತದೆ.”